ಪತ್ರ, ಪಟ, ಪಾಲುಪಟ್ಟಿ: ಹಳೆಯ ದಾಖಲೆಗಳಲ್ಲಿ ಮಂಗಳೂರು

ಮಂಗಳೂರಿನ ಹತ್ತೊಂಬತ್ತನೆಯ ಶತಮಾನದ ಕಾಗದಪತ್ರಗಳು ನಾಲ್ಕು ಊರುಗಳಲ್ಲಿ ಚದುರಿಹೋಗಿವೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದೊಂದಿಗೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು; ಅದರ ದಕ್ಷಿಣ ಭಾಗ 1956ರ ರಾಜ್ಯ ಮರುವಿಂಗಡಣೆಯವರೆಗೂ ಮದರಾಸಿನ ಆಡಳಿತದಲ್ಲೇ ಉಳಿಯಿತು. ಹಾಗಾಗಿ ಕಲೆಕ್ಟರರ ವರದಿಗಳು, ರೆವಿನ್ಯೂ ಬೋರ್ಡಿನ ನಡವಳಿಗಳು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿವೆ. ಕಂಪನಿಯ ಮೇಲಿನವರಿಗೆ ಹೋದ ಪ್ರತಿಗಳು ಲಂಡನ್ನಿನಲ್ಲಿವೆ. ಊರಿನೊಳಗೆ ಉಳಿದದ್ದು ಪುರಸಭೆಯ ಮತ್ತು ನೋಂದಣಿ ಕಚೇರಿಯ ಪುಸ್ತಕಗಳು, ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹ, ಮನೆಮನೆಯ ಪೆಟ್ಟಿಗೆಗಳಲ್ಲಿರುವ ದಸ್ತಾವೇಜುಗಳು. ನಾಲ್ಕನೆಯ ಊರು ಸ್ವಿಟ್ಜರ್ಲೆಂಡಿನ ಬಾಸೆಲ್; ಮಂಗಳೂರಿನಲ್ಲಿ ಕೆಲಸ ಮಾಡಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಕಾಗದಗಳು ಅಲ್ಲಿವೆ.

ಇವುಗಳಲ್ಲಿ ಯಾವುದನ್ನೂ ಊರಿನ ಚರಿತ್ರೆ ಬರೆಯಲೆಂದು ಕೂಡಿಟ್ಟದ್ದಲ್ಲ. ಒಂದೊಂದು ಕಾಗದಕ್ಕೂ ಅದರದೇ ಆದ ಓದುಗನಿದ್ದ: ಕಂದಾಯ ಮಂಡಳಿ, ಮಿಶನ್ನಿನ ಕಮಿಟಿ, ಸಾಲ ಕೊಟ್ಟವನು, ಪಾಲು ಕೇಳಿದ ದಾಯಾದಿ. ಯಾರಿಗಾಗಿ ಬರೆದದ್ದು, ಯಾರಿಗೆ ತೋರಿಸಲೆಂದು ತೆಗೆದದ್ದು ಎಂದು ಕೇಳದೆ ಓದಿದವರಿಗೆ ಹಳೆಯ ದಾಖಲೆ ಬೇಕಾದ ಕಥೆಯನ್ನೆಲ್ಲ ಹೇಳುತ್ತದೆ. ಮಂಗಳೂರಿನ ಬಗ್ಗೆ ಓಡಾಡುವ ಕಥೆಗಳಲ್ಲಿ ಹಲವು ಹಾಗೆ ಹುಟ್ಟಿದವೇ.

ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪನೆಯಾಯಿತು. 1833ರಲ್ಲಿ ಕಂಪನಿಯ ಸನ್ನದು ನವೀಕರಣವಾದಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ತಲಶ್ಶೇರಿ, ಕೊಡಗು, ಉಡುಪಿ ಎಂದು ಠಾಣ್ಯಗಳು ಬೆಳೆದಂತೆ ಬರವಣಿಗೆಯ ರಾಶಿಯೂ ಬೆಳೆಯಿತು. ಕಾರಣ ಸರಳ. ಹೊರನಾಡಿನಲ್ಲಿದ್ದ ಪ್ರತಿ ಮಿಶನರಿಯೂ ತನ್ನ ಕೆಲಸದ ವರದಿಯನ್ನು ಬಾಸೆಲಿನ ಕಮಿಟಿಗೆ ಕಾಲಕಾಲಕ್ಕೆ ಕಳಿಸಲೇಬೇಕಿತ್ತು. ಕಟ್ಟಡ ಕಟ್ಟಲು, ಜಮೀನು ಕೊಳ್ಳಲು, ಕಡೆಗೆ ಮದುವೆಯಾಗಲು ಕೂಡ ಅಲ್ಲಿಂದ ಅಪ್ಪಣೆ ಬರಬೇಕು. ಅಪ್ಪಣೆ ಕೇಳುವವನು ಕಾರಣ ಬರೆಯುತ್ತಾನೆ, ವೆಚ್ಚ ಬರೆಯುತ್ತಾನೆ, ನಕ್ಷೆ ಲಗತ್ತಿಸುತ್ತಾನೆ. ಕಮಿಟಿಯ ಬಿಗಿಮುಷ್ಟಿಯಿಂದ ಮಿಶನರಿಗಳು ಗೊಣಗಿದ್ದುಂಟು. ಆದರೆ ಚರಿತ್ರೆಕಾರರಿಗೆ ಅದರಷ್ಟು ಉಪಕಾರಿಯಾದ ನಿಯಮ ಇನ್ನೊಂದಿಲ್ಲ.

ಈ ಪತ್ರಗಳ ಮೊದಲ ತೊಡಕು ಅಕ್ಷರದ್ದು. ಭಾಷೆ ಜರ್ಮನ್, ಲಿಪಿ ಕುರೆಂಟ್ ಎಂಬ ಹಳೆಯ ಕೂಡುಬರಹ. ಇಂದಿನ ಜರ್ಮನರೇ ಅದನ್ನು ಕಲಿತು ಓದಬೇಕು. ಊರುಗಳ ಹೆಸರು, ಜನರ ಹೆಸರು ಕಿವಿಗೆ ಬಿದ್ದಂತೆ ಬರೆದವು; ಒಂದೇ ಮನೆತನ ಮೂರು ಕಾಗುಣಿತಗಳಲ್ಲಿ ಬರುವುದುಂಟು. ತುಳುನಾಡಿನ ಸ್ಥಳನಾಮಗಳ ಪರಿಚಯವಿಲ್ಲದವರಿಗೆ ಜರ್ಮನ್ ಬಂದರೂ ಸಾಲದು, ಜರ್ಮನ್ ಬಾರದವರಿಗೆ ಪರಿಚಯವಿದ್ದರೂ ಸಾಲದು. ಎರಡನೆಯ ತೊಡಕು ಕಾಲದ್ದು. ಗುಡ್‌ಹೋಪ್ ಭೂಶಿರ ಸುತ್ತಿ ಹೋಗುವ ಹಡಗಿನ ಕಾಲದಲ್ಲಿ ಒಂದು ಪತ್ರ ಮುಟ್ಟಲು ತಿಂಗಳುಗಳೇ ಬೇಕಾಗಿದ್ದವು. ಈಜಿಪ್ಟಿನ ಮಾರ್ಗ ರೂಢಿಯಾದ ಮೇಲೆ, 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಅವಧಿ ಇಳಿಯಿತು. ಅಲ್ಲಿಯವರೆಗೆ ಪ್ರಶ್ನೆಯೊಂದಕ್ಕೆ ಉತ್ತರ ಬರುವಷ್ಟರಲ್ಲಿ ಇಲ್ಲಿ ಒಂದು ಮಳೆಗಾಲ ಕಳೆದಿರುತ್ತಿತ್ತು. ಅಪ್ಪಣೆಯ ಪತ್ರದ ತಾರೀಕನ್ನೇ ಕಟ್ಟಡದ ತಾರೀಕೆಂದು ಹಿಡಿದರೆ ಆದ್ದರಿಂದಲೇ ಲೆಕ್ಕ ತಪ್ಪುತ್ತದೆ: ಕೆಲವು ಕಟ್ಟಡಗಳು ಅಪ್ಪಣೆ ಬರುವ ಮೊದಲೇ ಎದ್ದವು, ಕೆಲವು ಅಪ್ಪಣೆ ಬಂದರೂ ಏಳಲಿಲ್ಲ.

ಮೂರನೆಯದು ಹೆಚ್ಚು ಸೂಕ್ಷ್ಮ. ಪತ್ರಗಳ ಆಯ್ದ ಭಾಗಗಳು ಬಾಸೆಲಿನಿಂದ ಹೊರಡುತ್ತಿದ್ದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಅವನ್ನು ಓದಿದವರು ಮಿಶನ್ನಿಗೆ ಕಾಣಿಕೆ ಕೊಡುತ್ತಿದ್ದ ಜರ್ಮನಿ, ಸ್ವಿಟ್ಜರ್ಲೆಂಡುಗಳ ರೈತರು, ಕುಶಲಕರ್ಮಿಗಳು. ಅಚ್ಚಾದ ಭಾಗದಲ್ಲಿ ಭೂತಾರಾಧನೆಯ ರಾತ್ರಿಗಳು, ಮತಾಂತರದ ಬಿಕ್ಕಟ್ಟುಗಳು ತುಂಬಿವೆ. ಅಚ್ಚಾಗದ ಭಾಗದಲ್ಲಿ ಜ್ವರ, ಸಾಲ, ಒಬ್ಬ ಮಿಶನರಿ ಇನ್ನೊಬ್ಬನ ಮೇಲೆ ಹೇಳಿದ ದೂರು, ಸೋರುವ ಮಾಡು. ಊರಿನ ಚರಿತ್ರೆಗೆ ಬೇಕಾದದ್ದು ಬಹುಮಟ್ಟಿಗೆ ಈ ಎರಡನೆಯ ಭಾಗವೇ.

ಪತ್ರಗಳು ಎಲ್ಲಿ ಗಟ್ಟಿ ಎಂಬುದಕ್ಕೆ ಮುದ್ರಣದ ಕಥೆ ಒಳ್ಳೆಯ ಉದಾಹರಣೆ. ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ 1841ರಲ್ಲಿ ಶುರುವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ಪಾಕ್ಷಿಕವಾಗಿದ್ದ ಈ ಕನ್ನಡದ ಮೊದಲ ಪತ್ರಿಕೆ ಮರುವರ್ಷ ಅಚ್ಚುಮೊಳೆಯ ಸೌಲಭ್ಯವಿದ್ದ ಬಳ್ಳಾರಿಗೆ ಹೋಯಿತು. ಜುಲೈ 1 ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನ. ಪತ್ರಿಕೆಯ ಸಂಚಿಕೆಗಳಷ್ಟನ್ನೇ ನೋಡಿದರೆ ಅದು ಒಬ್ಬ ವ್ಯಕ್ತಿಯ ಸಾಹಸದಂತೆ ಕಾಣುತ್ತದೆ. ಪತ್ರವ್ಯವಹಾರವನ್ನು ಜೊತೆಗಿಟ್ಟು ಓದಿದಾಗ ಮುಂಬಯಿಯಿಂದ ತರಿಸಿದ ಕಲ್ಲಚ್ಚಿನ ಯಂತ್ರ, ಕಲ್ಲಿನ ಮೇಲೆ ಬರೆಯಬಲ್ಲ ಲಿಪಿಕಾರರ ಹುಡುಕಾಟ, ಕಾಗದದ ಬೆಲೆ, ಮೊಳೆ ಎರಕಕ್ಕೆ ಬಾಸೆಲಿನಲ್ಲಿ ನಡೆದ ಏರ್ಪಾಡು ಒಂದೊಂದಾಗಿ ಎದುರಾಗುತ್ತವೆ. 1851ರಲ್ಲಿ ಮಂಗಳೂರಿಗೆ ಬಂದ ಜಾರ್ಜ್ ಪ್ಲೆಬ್‌ಸ್ಟ್ ಮುದ್ರಣ ಮತ್ತು ಯಂತ್ರ ಎರಡನ್ನೂ ಬಲ್ಲವರಾಗಿದ್ದರು. ಮೊಳೆ ಮುದ್ರಣ ಅವರ ಕೈಯಲ್ಲಿ ನೆಲೆಗೊಂಡಿತು. 1894ರಲ್ಲಿ ಫರ್ಡಿನಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಇದೇ ಊರಿನ ಮಿಶನ್ ಪ್ರೆಸ್ಸಿನಿಂದ ಹೊರಬಂದದ್ದರ ಹಿಂದೆ ಅರ್ಧ ಶತಮಾನದ ಈ ಸಲಕರಣೆಯ ಚರಿತ್ರೆ ಇದೆ.

ಪತ್ರ ಬರೆದವರೆಲ್ಲ ಯುರೋಪಿನವರಲ್ಲ. ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. 1846ರಲ್ಲಿ ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷಿತ ಮಿಶನರಿಯಾಗಿ ಮರಳಿದರು. ಮುಂದೆ ಜರ್ಮನ್ ಮಹಿಳೆಯನ್ನು ಮದುವೆಯಾದರು. ಅವರಿಂದಾಗಿ ಕಮಿಟಿಗೆ ವರದಿ ಬರೆಯುವವರ ಸಾಲಿನಲ್ಲಿ ಊರಿನವರೇ ಒಬ್ಬರು ಬಂದು ನಿಂತಂತಾಯಿತು. ಹೆಂಗಸರ ಪತ್ರಗಳ ವಿಷಯ ಬೇರೆ. ಅವು ಕಮಿಟಿಗೆ ಬರೆದವಲ್ಲ, ತವರಿಗೆ ಬರೆದವು. ಆದ್ದರಿಂದ ಕಚೇರಿಯ ಕಡತಕ್ಕೆ ಸೇರದೆ ಮನೆತನಗಳ ಸಂಗ್ರಹದಲ್ಲಿ ಉಳಿದವು. ತಲಶ್ಶೇರಿಯ ಮಿಶನರಿ ಹರ್ಮನ್ ಗುಂಡರ್ಟರ ಕುಟುಂಬದ ಕಾಗದಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ. ಗುಂಡರ್ಟರ ಅಳಿಯ ಯೋಹಾನ್ನೆಸ್ ಹೆಸ್ಸೆ 1870ರ ಆಸುಪಾಸಿನಲ್ಲಿ ಮಂಗಳೂರಿನಲ್ಲಿ ಕೆಲಸ ಮಾಡಿದವರು, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಂದೆ. ಮೊಮ್ಮಗನ ಖ್ಯಾತಿಯಿಂದಲೇ ಆ ಮನೆತನದ ಕಾಗದಗಳಿಗೆ ಸಿಕ್ಕ ಆರೈಕೆ ಹೆಚ್ಚಿರಬಹುದು.

ಇನ್ನು ಖಾಕಿಯ ಕಥೆ. ಪ್ಲೆಬ್‌ಸ್ಟರ ಸಮಕಾಲೀನರಾದ ಜಾನ್ ಹಾಲರ್ 1851ರಲ್ಲಿ ಬಂದು ಮಿಶನ್ನಿನ ನೇಯ್ಗೆ ಕೆಲಸವನ್ನು ವಹಿಸಿಕೊಂಡರು. ಬಣ್ಣಗಾರಿಕೆಯಲ್ಲಿ ಪ್ರಯೋಗ ಮಾಡಿದರು, ಸುಲಭವಾಗಿ ಮಾಸದ ಕಂದು ಬಣ್ಣವೊಂದನ್ನು ತೆಗೆದರು. ಖಾಕಿ ಎಂಬುದೇ ಮಂಗಳೂರಿನಲ್ಲಿ ಹುಟ್ಟಿತು ಎಂದು ಊರು ಹೇಳುವುದು ಇದರ ಮೇಲಿಂದ. ಹೇಳಲು ಚೆನ್ನಾಗಿದೆ, ಆದರೆ ತಾರೀಕುಗಳು ಒಪ್ಪುವುದಿಲ್ಲ. ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಹಾಲರ್ ಇಲ್ಲಿಗೆ ಬರುವ ಮೊದಲೇ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. ಮಂಗಳೂರಿನ ನೇಯ್ಗೆಶಾಲೆಗೆ ಸಲ್ಲಬೇಕಾದ ಗೌರವ ಬಟ್ಟೆಯನ್ನೂ ಬಣ್ಣವನ್ನೂ ಒಂದೇ ಸೂರಿನಡಿ ಮಾರಾಟಕ್ಕೆ ಬರುವ ಹದಕ್ಕೆ ತಂದದ್ದಕ್ಕೆ. ಅದೇನೂ ಸಣ್ಣದಲ್ಲ, ‘ಮೊಟ್ಟಮೊದಲು’ ಎಂಬ ಪಟ್ಟ ಅದಕ್ಕೆ ಬೇಕಾಗಿಲ್ಲ.

ನೇಯ್ಗೆ, ಮುದ್ರಣ, ಹೊಲಿಗೆ, ಮರಗೆಲಸಗಳನ್ನು ಮಿಶನ್ ಹಿಡಿದದ್ದೇಕೆ ಎಂಬ ಪ್ರಶ್ನೆಗೆ ಪತ್ರಗಳಲ್ಲಿ ಉತ್ತರವಿದೆ. ಕ್ರೈಸ್ತರಾದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರ ಕುಲಕಸುಬಾದ ಕಳ್ಳು ಇಳಿಸುವುದು ಮಿಶನ್ನಿಗೆ ಒಪ್ಪಿಗೆಯಾಗದ ಕೆಲಸ. ಇದ್ದ ಗೇಣಿ ಜಮೀನಿನಿಂದ ಒಕ್ಕಲೆಬ್ಬಿಸಿದರೆ ಹೋಗಲು ಬೇರೆ ನೆಲೆಯಿಲ್ಲ. ಸೇರಿದವರಿಗೆ ಅನ್ನದ ದಾರಿ ಕಾಣಿಸಬೇಕಾಗಿತ್ತು. ಹಲವು ಪ್ರಯೋಗಗಳು ಕೈಕೊಟ್ಟವು. ಕೈಹಿಡಿದದ್ದು ನೇಯ್ಗೆ ಮತ್ತು ಹಂಚು.

ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಕರಾವಳಿಯಲ್ಲಿ ಮಾಡಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು ಹೊದೆಸುವುದು ರೂಢಿಯಾಗಿತ್ತು. ಅದನ್ನು ವರ್ಷವರ್ಷವೂ ಬದಲಿಸಬೇಕಿತ್ತು. ಬೇಸಗೆಯಲ್ಲಿ ಬೆಂಕಿಯ ಭಯ. ದೇವಸ್ಥಾನ, ಉಳ್ಳವರ ಮನೆಗಳಿಗೆ ಕುಂಬಾರರ ನಾಡಹಂಚು ಇತ್ತು. ಅದು ಒಂದರ ಮೇಲೊಂದು ಸುಮ್ಮನೆ ಕೂರುವಂಥದ್ದು. ಬೆಕ್ಕು, ಮಂಗ ಓಡಾಡಿದರೆ ಜರುಗುತ್ತದೆ. ಅಲ್ಸೇಸ್ ಪ್ರದೇಶದ ಆಲ್ಟ್‌ಕಿರ್ಷ್ ಎಂಬಲ್ಲಿ ಗಿಲಾರ್ಡೊನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದ ಹಂಚಿಗೆ ಅಂಚಿನಲ್ಲಿ ಕಾಲುವೆಗಳಿದ್ದವು. ಒಂದು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತಿತ್ತು. ಆಲ್ಟ್‌ಕಿರ್ಷ್ ಬಾಸೆಲಿಗೆ ದೂರವೇನಲ್ಲ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣನ್ನು ಪರೀಕ್ಷಿಸಿದ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಣ್ಣು ಹದಮಾಡಲು ಎತ್ತುಗಳು, ಒತ್ತಲು ಕೈಯಂತ್ರ, ಸುಡಲು ಕಟ್ಟಿಗೆಯ ಗೂಡು. ಉಗಿಯಂತ್ರ ಬಂದದ್ದು ಆಮೇಲೆ. ಮೂರೇ ವರ್ಷಗಳಲ್ಲಿ, 1868ರಲ್ಲಿ, ಅಲ್ಬುಕರ್ಕ್ ಮನೆತನದವರ ಕಾರ್ಖಾನೆ ಎದ್ದಿತು. ಆಮೇಲೆ ಊರಿನ ನದೀದಂಡೆಗಳ ತುಂಬ ಚಿಮಣಿಗಳು. ಬಂದರಿನಿಂದ ಮಂಜಿ ಹಡಗುಗಳಲ್ಲಿ ಹೊರಟ ಹಂಚು ಮುಂಬಯಿ, ಸಿಲೋನ್, ಪೂರ್ವ ಆಫ್ರಿಕಾಗಳ ಮಾಡುಗಳನ್ನು ಏರಿತು.

ಹಂಚು ತಾನೇ ಒಂದು ದಾಖಲೆ, ಏಕೆಂದರೆ ಅದರ ಬೆನ್ನಮೇಲೆ ಅಕ್ಷರಗಳಿವೆ. ಹಳೆಯ ಮನೆ ಬಿಚ್ಚುವಾಗ ‘1865’ ಎಂದು ಒತ್ತಿದ ಹಂಚು ಸಿಕ್ಕಿತೆಂದು ಮನೆಗೆ ನೂರೈವತ್ತು ವರ್ಷ ಎಣಿಸುವುದು ಕರಾವಳಿಯಲ್ಲಿ ಸಾಮಾನ್ಯ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ವ್ಯಾಪಾರದ ಗುರುತಾಗಿ ದಶಕಗಳ ಕಾಲ ಒತ್ತುತ್ತಲೇ ಇದ್ದರು. ಇಸವಿಗಿಂತ ಊರಿನ ಹೆಸರು, ಕಂಪನಿಯ ಹೆಸರು ಹೆಚ್ಚು ಉಪಯುಕ್ತ. ಮಿಶನ್ನಿನ ಮಲ್ಪೆ ಕಾರ್ಖಾನೆ 1886ರದು, ಕಲ್ಲಿಕೋಟೆಯ ಬಳಿಯ ಫೆರೋಕ್ ಕಾರ್ಖಾನೆ 1905ರದು. ಫೆರೋಕ್ ಎಂದು ಬರೆದ ಹಂಚು 1905ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೆಸರಿದ್ದರೆ ಅದು 1919ರ ನಂತರದ್ದು. ಇಷ್ಟಾದರೂ ಹೇಳಿದಂತಾಗುವುದು ಹಂಚಿನ ವಯಸ್ಸೇ ಹೊರತು ಮನೆಯದ್ದಲ್ಲ. ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ತೆಗೆದು ಬೇರೆ ಇಡುವುದು ಪ್ರತಿ ಮನೆಯ ಕೆಲಸ. ಒಂದು ಮನೆ ಬಿಚ್ಚಿದಾಗ ಗಟ್ಟಿ ಹಂಚುಗಳು ಇನ್ನೊಂದು ಮನೆಗೆ ಮಾರಾಟವಾಗುತ್ತವೆ. ಪಕ್ಕಾಸು, ರೀಪುಗಳೂ ಹಾಗೆಯೇ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಗಳ ಹಂಚು ಕಂಡರೆ ಅದು ಮಾಲೀಕನ ಅಭಿರುಚಿಯಲ್ಲ, ರಿಪೇರಿಯ ಲೆಕ್ಕ.

ಬಾಸೆಲಿನ ಸಂಗ್ರಹದಲ್ಲಿ ಆಫ್ರಿಕಾ, ಭಾರತ, ಚೀನಾ, ಬೋರ್ನಿಯೊಗಳಿಂದ ಹೋದ ಸುಮಾರು 30,000 ಛಾಯಾಚಿತ್ರಗಳಿವೆ. ಪಾಲ್ ಜೆಂಕಿನ್ಸ್ ಪತ್ರಾಗಾರದ ಹೊಣೆ ಹೊತ್ತಿದ್ದ ಕಾಲದಲ್ಲಿ ಇವುಗಳ ಪಟ್ಟಿ, ಸಂರಕ್ಷಣೆ ಮತ್ತು ಡಿಜಿಟಲೀಕರಣ ನಡೆದು, ಈಗ ಅವನ್ನು ಮಂಗಳೂರಿನಲ್ಲೇ ಕೂತು ನೋಡಬಹುದು. ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತ ಕೆಲಸಗಾರರು, ಹೊಲಿಗೆ ಕಲಿಯುವ ಹುಡುಗಿಯರು, ಮಿಶನರಿಯ ಬಂಗಲೆಯ ಜಗಲಿ, ರಥ, ಬಂದರು: ಹತ್ತೊಂಬತ್ತನೆಯ ಶತಮಾನದ ಕರಾವಳಿಯ ಸಾಮಾನ್ಯ ಜನರ ಮುಖಗಳು ಇಷ್ಟು ಸಂಖ್ಯೆಯಲ್ಲಿ ಬೇರೆಲ್ಲೂ ಸಿಗುವುದು ಕಷ್ಟ.

ಈ ಚಿತ್ರಗಳನ್ನು ಓದಲು ಕೆಲವು ತಾಂತ್ರಿಕ ಸಂಗತಿಗಳು ಬೇಕು. ಒದ್ದೆ ಗಾಜಿನ ಫಲಕದ ಕಾಲದಲ್ಲಿ ಒಂದು ಚಿತ್ರಕ್ಕೆ ಹಲವು ಸೆಕೆಂಡು ಬೆಳಕು ಬೀಳಬೇಕಿತ್ತು. ಅಲುಗಾಡಿದವರು ಮಸುಕಾದರು, ನಡೆದುಹೋದವರು ಮಾಯವಾದರು. ಹಳೆಯ ಚಿತ್ರದಲ್ಲಿ ಪೇಟೆ ಬಿಕೋ ಎನ್ನುವುದು ಅಲ್ಲಿ ಜನರಿರಲಿಲ್ಲವೆಂದಲ್ಲ. 1880ರ ದಶಕದಿಂದ ಒಣಫಲಕ ಹರಡಿದ ಮೇಲೆ ಬೀದಿಗೆ ಜೀವ ಬಂತು. ಗಾಜಿನ ನೆಗೆಟಿವ್ ತಿರುವಿ ಹಾಕಿ ಮುದ್ರಿಸಿದರೆ ಎಡ ಬಲವಾಗುತ್ತದೆ. ಅಂಗಡಿಯ ನಾಮಫಲಕದ ಅಕ್ಷರ, ಸೀರೆಯ ಸೆರಗು, ಅಂಗಿಯ ಗುಂಡಿ ನೋಡಿ ಅದನ್ನು ಪತ್ತೆಹಚ್ಚಬಹುದು. ತಾರೀಕಿಲ್ಲದ ಚಿತ್ರಕ್ಕೆ ಕಾಲ ಹಚ್ಚುವಾಗ ಮುಂದಿನ ಸಾಲಿನಲ್ಲಿ ನಿಂತ ಮನುಷ್ಯರಿಗಿಂತ ಹಿಂದಿನ ಮಾಡು ಹೆಚ್ಚು ಹೇಳುತ್ತದೆ. ಕಚ್ಚುಹಂಚು ಕಂಡರೆ 1865ಕ್ಕೆ ಈಚಿನದು. ಅದೇ ಕಟ್ಟಡ ಇನ್ನೊಂದು ಚಿತ್ರದಲ್ಲಿ ಮುಳಿಹುಲ್ಲಿನದಾಗಿದ್ದರೆ ಎರಡು ಚಿತ್ರಗಳ ಹಿಂದುಮುಂದು ಗೊತ್ತಾದಂತೆ. ಊರಿನ ರೈಲು ನಿಲ್ದಾಣ, ಹಳಿ ಕಂಡರೆ 1907ರ ನಂತರದ್ದು.

ಚಿತ್ರದ ಕೆಳಗಿನ ಬರಹ ಚಿತ್ರಕ್ಕಿಂತ ಹೆಚ್ಚು ಎಚ್ಚರದಿಂದ ಓದಬೇಕಾದದ್ದು. ಎಷ್ಟೋ ಸಲ ಅದನ್ನು ಬರೆದವರು ತೆಗೆದವರಲ್ಲ; ಬಾಸೆಲಿನಲ್ಲಿ ಆಲ್ಬಮ್ಮಿಗೆ ಅಂಟಿಸುವಾಗಲೋ ಮಾಂತ್ರಿಕ ಲಾಂದ್ರದ ಉಪನ್ಯಾಸಕ್ಕೆ ಸ್ಲೈಡು ಮಾಡುವಾಗಲೋ ಬರೆದದ್ದು. ನಡುವೆ ಕೂತ ಮಿಶನರಿ ದಂಪತಿಗೆ ಹೆಸರಿರುತ್ತದೆ. ಸುತ್ತ ನಿಂತವರು ‘ಕೆಲಸದವರು’, ‘ಬ್ರಾಹ್ಮಣ’, ‘ಅನ್ಯಮತೀಯ ಹೆಂಗಸು’ ಎಂಬ ಬಗೆಗಳಾಗುತ್ತಾರೆ. ಕಾಣಿಕೆ ಕೊಡುವವರಿಗೆ ತೋರಿಸಬೇಕಾದದ್ದು ಮೊದಲು ಮತ್ತು ಆಮೇಲೆ: ಹರಿದ ಬಟ್ಟೆಯವರ ಗುಡಿಸಲು ಒಂದು ಕಡೆ, ಬಿಳಿ ಕುಪ್ಪಸದ ಶಾಲೆಯ ಸಾಲು ಇನ್ನೊಂದು ಕಡೆ. ಭೂಮಾಲೀಕರ ಗುತ್ತಿನ ಮನೆಯ ದೊಡ್ಡ ಚಾವಡಿ, ಪೇಟೆಯ ಕೊಂಕಣಿ ವ್ಯಾಪಾರಿಗಳ ಸಿರಿವಂತಿಕೆ ಈ ಕ್ರಮದಲ್ಲಿ ಹೊಂದುವುದಿಲ್ಲವಾದ್ದರಿಂದ ಕ್ಯಾಮೆರಾ ಅತ್ತ ಕಡಿಮೆ ತಿರುಗಿತು. ಇಂಥ ಚಿತ್ರಗಳನ್ನು ನೋಡಿ ಊರೇ ಬಡವಾಗಿತ್ತೆಂದು ಬರೆದವರಿದ್ದಾರೆ. ಸಂಗ್ರಹದ ಬಡತನವನ್ನು ಊರಿನ ತಲೆಗೆ ಕಟ್ಟುವುದು ತಪ್ಪು. ಮನೆಗಳಲ್ಲಿ ಉಳಿದ ಮದುವೆಯ ಪಟ, ಸ್ಟುಡಿಯೊದ ಪಟಗಳು ಇನ್ನೊಂದು ಮುಖವನ್ನು ತೋರಿಸುತ್ತವೆ. ರಟ್ಟಿನ ಹಿಂದೆ ಸ್ಟುಡಿಯೊದ ಹೆಸರು, ಬೀದಿ ಅಚ್ಚಾಗಿರುತ್ತವೆ. ಫ್ರೇಮು ಬದಲಿಸುವಾಗ ಆ ರಟ್ಟನ್ನು ಎಸೆಯುವುದೇ ಹೆಚ್ಚು.

ಕಟ್ಟಡದ ದಾಖಲೆಗಳು ಒಣಗಿದವು, ಓದಲು ಬೇಸರ ತರಿಸುವಂಥವು. ಅವುಗಳ ಬೆಲೆಯೂ ಅದರಲ್ಲೇ ಇದೆ: ಯಾರನ್ನೂ ಮೆಚ್ಚಿಸಲು ಬರೆದವಲ್ಲ. ಮಿಶನ್ನಿನ ಆಸ್ತಿಗಳಿಗೆ ಕ್ರಯಪತ್ರ, ನಕ್ಷೆ, ಸಾಮಾನಿನ ಪಟ್ಟಿಗಳಿವೆ. ಸರಕಾರದ ಕಡೆಯಿಂದ ಮೊದಲ ದೊಡ್ಡ ಬರಹ ಥಾಮಸ್ ಮನ್ರೊ ಅವರದು. 1799–1800ರಲ್ಲಿ ಕೆನರಾದ ಕಲೆಕ್ಟರರಾಗಿ ಅವರು ಬರೆದ ಪತ್ರಗಳು ಶಾನುಭೋಗರ ಹಳೆಯ ಕಡತಗಳನ್ನು ಆಧರಿಸಿದವು. ಆ ಕಡತಗಳು ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಮಡಿಕೆಗಳು, ಬಳಪದಲ್ಲಿ ಬರೆದವು. ಮನ್ರೊಗೆ ಜಿಲ್ಲೆಯಲ್ಲಿ ಇರಲು ಮನಸ್ಸಿರಲಿಲ್ಲ, ಬೇಗ ವರ್ಗ ಮಾಡಿಸಿಕೊಂಡು ಹೋದರು. ಆದರೂ ಭೂಮಿಯ ಒಡೆತನ ಇಲ್ಲಿ ಹಳೆಯದು, ಗಟ್ಟಿಯಾದದ್ದು ಎಂದು ಅವರು ಕಂಡುಕೊಂಡದ್ದು ಮುಂದಿನ ಎಲ್ಲ ಕಂದಾಯ ಚರ್ಚೆಗೂ ತಳಹದಿಯಾಯಿತು. 1894ರ ಸ್ಟರಾಕ್ ಅವರ ಜಿಲ್ಲಾ ಕೈಪಿಡಿ, ಶತಮಾನದ ತಿರುವಿನ ಸರ್ವೆ ಸೆಟ್ಲ್‌ಮೆಂಟು ಅದರ ಮುಂದುವರಿಕೆ. ಮಂಗಳೂರು ಪುರಸಭೆ 1866ರದು. ಅಲ್ಲಿಂದ ಮನೆ ತೆರಿಗೆಯ ಲೆಕ್ಕವೂ ಇದಕ್ಕೆ ಕೂಡಿಕೊಳ್ಳುತ್ತದೆ.

ಒಂದು ಮನೆಯ ಅಥವಾ ಬೀದಿಯ ಚರಿತ್ರೆಗೆ ಇವೆಲ್ಲಕ್ಕಿಂತ ಹತ್ತಿರದ್ದು ದಸ್ತಾವೇಜು. ದಕ್ಷಿಣ ಕನ್ನಡದ ಹಳೆಯ ಪತ್ರಗಳಲ್ಲಿ ಭೂಮಿ ಯಾರದೆಂಬುದಕ್ಕೆ ಒಂದೇ ಉತ್ತರ ಇರುವುದಿಲ್ಲ. ಮೂಲವರ್ಗದಾರ ಒಬ್ಬ, ಅವನಿಂದ ಶಾಶ್ವತವಾಗಿ ಹಿಡಿದ ಮೂಲಗೇಣಿಯವ ಇನ್ನೊಬ್ಬ, ವರ್ಷದ ಮಟ್ಟಿಗೆ ಸಾಗುವಳಿ ಮಾಡುವ ಚಾಲಗೇಣಿಯವ ಮತ್ತೊಬ್ಬ. ಪೇಟೆಯ ಎಷ್ಟೋ ಮನೆಗಳು ಮೂಲಗೇಣಿಯ ನೆಲದ ಮೇಲೆ ನಿಂತವು: ಕಟ್ಟಡ ಒಬ್ಬರದು, ನೆಲ ಇನ್ನೊಬ್ಬರದು. ಪತ್ರದ ಕೊನೆಯ ಚೆಕ್ಕುಬಂದಿ ಚರಿತ್ರೆಕಾರರಿಗೆ ಚಿನ್ನ. ಪೂರ್ವಕ್ಕೆ ಯಾರ ಹಿತ್ತಿಲು, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾವ ತೋಡು, ದಕ್ಷಿಣಕ್ಕೆ ಯಾರ ಅಗಳು ಎಂದು ಅದು ಹೇಳುತ್ತದೆ. ಒಂದು ಪತ್ರದ ಪೂರ್ವದ ನೆರೆಯವನ ಪತ್ರದಲ್ಲಿ ಪಶ್ಚಿಮದ ನೆರೆಯವನಾಗಿ ಮೊದಲನೆಯವನು ಬರಬೇಕು. ಹೀಗೆ ಹತ್ತಾರು ಪತ್ರಗಳನ್ನು ಅಂಚಿಗೆ ಅಂಚು ಕೂಡಿಸಿದರೆ ನಕ್ಷೆಯೇ ಇಲ್ಲದ ಕಾಲದ ಬೀದಿಯ ನಕ್ಷೆ ಮೂಡುತ್ತದೆ. ಮುಚ್ಚಿಹೋದ ತೋಡುಗಳೂ ಕೆರೆಗಳೂ ಅದರಲ್ಲಿ ಕಾಣುತ್ತವೆ. ಮಳೆಗಾಲದಲ್ಲಿ ಇಂದು ನೀರು ನಿಲ್ಲುವ ತಗ್ಗುಗಳ ಕಾರಣ ಹುಡುಕುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಬಂಟ, ಬಿಲ್ಲವ ಮೊದಲಾದ ಸಮುದಾಯಗಳಲ್ಲಿ ನಡೆದುಬಂದ ಅಳಿಯಸಂತಾನ ಕಟ್ಟು ಈ ದಾಖಲೆಗಳಿಗೆ ಇನ್ನೊಂದು ತಿರುವು ಕೊಡುತ್ತದೆ. ಪಟ್ಟೆಯಲ್ಲಿ ಯಜಮಾನನ ಹೆಸರಿರುತ್ತದೆ, ಆಸ್ತಿ ಮಾತ್ರ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಸಂತಾನಕ್ಕೆ. ಹೆಸರಿನ ಸಾಲನ್ನು ತಂದೆ–ಮಗ ಎಂದು ಓದಿದರೆ ವಂಶಾವಳಿಯೇ ತಲೆಕೆಳಗಾಗುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ವಿಭಾಗಕ್ಕೆ ದಾರಿ ತೆರೆದ ಮೇಲೆ ದೊಡ್ಡ ಕುಟುಂಬಗಳು ಒಡೆದವು, ಪಾಲುಪಟ್ಟಿಗಳು ಬರೆಯಲ್ಪಟ್ಟವು. ಕುಟುಂಬಕ್ಕೆ ಅದು ಜಗಳದ ಕಾಲ. ಕಟ್ಟಡದ ಚರಿತ್ರೆಗೆ ಮಾತ್ರ ಸುಗ್ಗಿ. ಮನೆ ಒಡೆಯದೆ ನಿಂತಿದ್ದಾಗ ಚಾವಡಿಯ ಅಳತೆ ಬರೆದಿಡುವ ಅಗತ್ಯ ಯಾರಿಗೂ ಇರಲಿಲ್ಲ. ಪಾಲಾಗುವಾಗ ಚಾವಡಿ, ಪಡಸಾಲೆ, ಅಡುಗೆಕೋಣೆ, ಕೊಟ್ಟಿಗೆ, ಬಾವಿಯ ನೀರಿನ ಹಕ್ಕು, ದಾರಿಯ ಹಕ್ಕು ಎಲ್ಲವೂ ಬರಹಕ್ಕೆ ಬಂದವು. ದೈವದ ಕೋಣೆಯನ್ನು ಸಾಮಾನ್ಯವಾಗಿ ಪಾಲಿನಿಂದ ಹೊರಗಿಟ್ಟರು.

ಭೂಸುಧಾರಣೆ ಇನ್ನೊಂದು ಪದರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟರು. ತಲೆಮಾರುಗಳಿಂದ ಗದ್ದೆ ಮಾಡುತ್ತಿದ್ದರೂ ಯಾವ ಕಾಗದದಲ್ಲೂ ಕಾಣದ ಸಾವಿರಾರು ಒಕ್ಕಲುಗಳು ಆಗ ಮೊದಲ ಬಾರಿಗೆ ತಮ್ಮ ಹೆಸರಿನಿಂದ ಸರಕಾರಿ ಕಡತಕ್ಕೆ ಬಂದವು. ಸಾಕ್ಷಿ ಹೇಳಿಕೆಗಳಲ್ಲಿ ಯಾರು ಯಾವಾಗ ಬಂದರು, ಎಷ್ಟು ಮುಡಿ ಅಕ್ಕಿ ಗೇಣಿ ಅಳೆದರು ಎಂಬ ವಿವರಗಳಿವೆ. ವಿಚಾರಣೆಗೆಂದು ಕೊಟ್ಟ ಹೇಳಿಕೆಗಳಾದ್ದರಿಂದ ಎರಡೂ ಕಡೆಯವರದನ್ನು ಓದಬೇಕು, ಅಷ್ಟೇ. ಈ ಕಡತಗಳು ಪುರಾತನವಲ್ಲವೆಂಬ ಕಾರಣಕ್ಕೆ ಅವನ್ನು ಚರಿತ್ರೆಯ ಆಕರವೆಂದು ಎಣಿಸುವವರು ಕಡಿಮೆ.

ಪತ್ರ, ಪಟ, ಕಟ್ಟಡದ ಕಾಗದ ಎಂಬ ಮೂರು ಬಗೆಯ ದಾಖಲೆಗಳನ್ನೂ ಒಟ್ಟಿಗಿಟ್ಟರೂ ತುಂಬದ ಜಾಗಗಳಿವೆ. ದೊಡ್ಡದು ಭಾಷೆಯದು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರ ಮಾತು ತುಳು. ಪತ್ರಗಳು ಜರ್ಮನ್, ಸರಕಾರ ಇಂಗ್ಲಿಷ್, ದಸ್ತಾವೇಜು ಕನ್ನಡ. ಮಿಶನರಿ ಬ್ರಿಗೆಲರ ತುಳು ವ್ಯಾಕರಣ 1872ರಲ್ಲಿ, ಮಿಶನರಿ ಮ್ಯಾನರರ ತುಳು ನಿಘಂಟು 1886ರಲ್ಲಿ ಮಂಗಳೂರಿನಲ್ಲೇ ಅಚ್ಚಾದವು, ದೈವಗಳ ಕಥೆ ಹಾಡುವ ಪಾಡ್ದನಗಳನ್ನೂ ಮಿಶನರಿಗಳು ಬರೆದಿಟ್ಟುಕೊಂಡರು. ದೈವದ ಕಥೆ ಬರಹಕ್ಕೆ ಇಳಿಯಿತು, ಕೂಲಿಯ ಮಾತು ಇಳಿಯಲಿಲ್ಲ. ಇನ್ನೊಂದು ದೊಡ್ಡ ಕಂದಕ 1914ರದು. ಯುದ್ಧ ಶುರುವಾದಾಗ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನ್ ಪ್ರಜೆಗಳಾಗಿದ್ದರಿಂದ ಬಂಧನಕ್ಕೊಳಗಾದರು, ಆಮೇಲೆ ದೇಶದಿಂದ ಹೊರಗೆ ಕಳುಹಿಸಲ್ಪಟ್ಟರು. ಎಂಬತ್ತು ವರ್ಷ ನಡೆದ ಪತ್ರವ್ಯವಹಾರ ಅಲ್ಲಿಗೆ ತೆಳುವಾಗುತ್ತದೆ. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ವಹಿಸಿತು. ಅಲ್ಲಿಂದ ಮುಂದಿನ ಹಂಚಿನ ಕಥೆಗೆ ಬಾಸೆಲಿಗಿಂತ ಇಂಗ್ಲಿಷ್ ಸರಕಾರದ ಮತ್ತು ಕಂಪನಿಯ ಕಡತಗಳೇ ಆಧಾರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಒಂದೇ ಜಿಲ್ಲೆಯ ಕಡತ ಎರಡು ರಾಜ್ಯಗಳ ಕಚೇರಿಗಳಿಗೆ ಪಾಲಾಯಿತು. ಗಡಿಯ ಆಚೀಚೆಯ ಕನ್ನಡ ಮನೆತನಗಳ ಭೂಮಿಯ ಚರಿತ್ರೆ ಹುಡುಕುವವರು ಈಗಲೂ ಎರಡೂ ಕಡೆ ಅಲೆಯಬೇಕು.

ಕೆಲಸಗಾರರ ಹೆಸರು ಸಾಲುಸಾಲಾಗಿ ಸಿಗುವ ದಾಖಲೆ ಒಂದಿದೆ: ಕಾರ್ಖಾನೆಯ ಹಾಜರಿ ಪುಸ್ತಕ. 1948ರ ಕಾರ್ಖಾನೆ ಕಾಯಿದೆ ಇದನ್ನು ಕಡ್ಡಾಯ ಮಾಡಿತು, 1952ರ ಭವಿಷ್ಯನಿಧಿ ಕಾಯಿದೆ ವಂತಿಗೆಯ ಲೆಕ್ಕವನ್ನು ಸೇರಿಸಿತು. ಯಾವ ಪಾಳಿಯಲ್ಲಿ ಎಷ್ಟು ಹೆಂಗಸರಿದ್ದರು, ಗದ್ದೆ ನಾಟಿಯ ತಿಂಗಳಲ್ಲಿ ಎಷ್ಟು ಮಂದಿ ಬರಲಿಲ್ಲ, ಕೂಲಿ ಎಷ್ಟಿತ್ತು ಎಂಬುದಕ್ಕೆ ಇವೇ ಆಧಾರ. ಕಾಂಕ್ರೀಟಿನ ತಾರಸಿ ಬಂದು, ಆವೆಮಣ್ಣು ಮತ್ತು ಕಟ್ಟಿಗೆ ಎರಡೂ ದುಬಾರಿಯಾಗಿ ಮಂಗಳೂರಿನ ಹಂಚಿನ ಕಾರ್ಖಾನೆಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಒಂದೊಂದಾಗಿ ಮುಚ್ಚಿದವು. ನದೀದಂಡೆಯ ಜಾಗ ಮಾರಾಟವಾಗುವಾಗ ಕ್ರಯಪತ್ರ ಜೋಪಾನವಾಗಿ ಹೊಸ ಮಾಲೀಕನ ಕೈಸೇರುತ್ತದೆ, ಏಕೆಂದರೆ ಅದಿಲ್ಲದೆ ಸಾಲ ಹುಟ್ಟುವುದಿಲ್ಲ. ಹಾಜರಿ ಪುಸ್ತಕವನ್ನು ಕೇಳುವ ಬ್ಯಾಂಕು ಇಲ್ಲ. ಅದು ಹಳೆಯ ಕಾಗದದವನ ತಕ್ಕಡಿಗೆ ಹೋಗುತ್ತದೆ.